‘ವಾಕೆಡ್’ ಅನ್ನುವ ಮಕ್ಕಳಿಗೆ ‘ವಾಕ್ಟ್’ ಕಲಿಸೋದು ಹೇಗೆ?

ಕೇಳಿದವರು: ಪ್ರೌಢಶಾಲೆ ಶಿಕ್ಷಕಿ, ಚಿಂತಾಮಣಿ ತಾಲ್ಲೂಕು
ನಮ್ಮದು ಕನ್ನಡ ಮಾಧ್ಯಮದ ಎಂಟನೇ ಕ್ಲಾಸು. ಇಂಗ್ಲಿಷ್ ಪಾಠ ಓದಿಸಿದರೆ ವಾಕೆಡ್, ಜಂಪೆಡ್, ಲಾಫೆಡ್ ಅಂತಲೇ ಓದುತ್ತಾರೆ. ಕೊನೆಯ ‘ಇ-ಡಿ’ಯನ್ನು ಕೆಲವು ಕಡೆ ಟ್, ಕೆಲವು ಕಡೆ ಡ್, ಕೆಲವು ಕಡೆ ಇಡ್ ಅನ್ನಬೇಕು ಅಂತ ಮೂರು ಪಟ್ಟಿ ಬರೆಸಿದ್ದೇನೆ. ಕೇಳಿದರೆ ಗಿಣಿಪಾಠ ಒಪ್ಪಿಸುತ್ತಾರೆ. ಪುಸ್ತಕ ತೆಗೆದರೆ ಮತ್ತೆ ವಾಕೆಡ್! ನಿಮ್ಮ ಕ್ಲಾಸಲ್ಲಿ ಏನು ಮಾಡುತ್ತೀರಿ?

ಗುಬ್ಬಿಯಿಂದ
ಮೇಡಂ, ಪಟ್ಟಿ ಪಕ್ಕಕ್ಕಿಡಿ. ಕನ್ನಡ ಮಾತಾಡುವಾಗ ಮಕ್ಕಳಿಗೆ ಇದು ಆಗಲೇ ಬರುತ್ತದೆ. ‘ರಿಟೈರ್ಡ್ ಮೇಷ್ಟ್ರು’ ಅನ್ನುತ್ತಾರೆ, ‘ರಿಟೈರೆಡ್’ ಅಂತ ಯಾವ ಮಗುವೂ ಅನ್ನಲ್ಲ. ಫಿಕ್ಸ್ಡ್ ರೇಟ್, ಮಿಸ್ಡ್ ಕಾಲ್ ಕೂಡ ಹಾಗೇ. (ಮಿಸ್ ಕಾಲ್ ಅನ್ನೋರೂ ಇದ್ದಾರೆ, ಅದು ಬೇರೆ ಮಾತು.) ಆದರೆ ಅನ್‌ಲಿಮಿಟೆಡ್ ಡೇಟಾ, ಸಸ್ಪೆಂಡೆಡ್, ರಿಜೆಕ್ಟೆಡ್ ಅನ್ನುವಾಗ ‘ಎಡ್’ ಪೂರ್ತಿ ಕೇಳಿಸುತ್ತದೆ, ಅಲ್ವಾ?

ಇವನ್ನೇ ಬೋರ್ಡ್ ಮೇಲೆ ಕನ್ನಡದಲ್ಲಿ ಎರಡು ಗುಂಪಾಗಿ ಬರೆಯುತ್ತೇನೆ. ‘ಎಡ್’ ಕೇಳಿಸುವ ಮಾತುಗಳಲ್ಲಿ ಅದಕ್ಕೆ ಮುಂಚೆ ಯಾವ ಶಬ್ದ ಇದೆ ಅಂತ ಕೇಳುತ್ತೇನೆ. ಲಿಮಿಟ್, ಸಸ್ಪೆಂಡ್, ರಿಜೆಕ್ಟ್. ಹಿಂದಿನ ಬೆಂಚಿಂದಲಾದರೂ ಯಾರೋ ಒಬ್ಬರು ‘ಟ್, ಡ್ ಸಾರ್’ ಅಂದೇ ಅನ್ನುತ್ತಾರೆ. ನಿಯಮ ಅಷ್ಟೇ. ಟ್ ಅಥವಾ ಡ್ ಮೇಲೆ ಇನ್ನೊಂದು ಡ್ ಅಂಟಿಸಿದರೆ ಕೇಳಿಸೋದೇ ಇಲ್ಲ, ಅದಕ್ಕೇ ನಡುವೆ ಸ್ವರ. ಬೇರೆಲ್ಲೂ ಅದು ಬೇಡ.

ಆಮೇಲೆ ಚಪ್ಪಾಳೆ. ವಾಕ್ ಒಂದು ಚಪ್ಪಾಳೆ, ವಾಕ್ಟ್‌ಗೂ ಒಂದೇ. ವಾಂಟ್ ಒಂದು, ವಾಂಟೆಡ್‌ಗೆ ಎರಡು. ಮಗು ‘ವಾಕ್ಡ್’ ಅಂದರೂ ನಾನು ತಿದ್ದಲ್ಲ. ನಡುವಿನ ‘ಎ’ ಹೋದರೆ ಸಾಕು, ಮಿಕ್ಕಿದ್ದನ್ನು ನಾಲಿಗೆಯೇ ನೋಡಿಕೊಳ್ಳುತ್ತದೆ.

ಕೋಲಾರದಿಂದ
ಗುಬ್ಬಿಯ ಸಾರ್ ಹೇಳಿದ ಕ್ರಮ ಚೆನ್ನಾಗಿದೆ. ಆದರೆ ಟ್-ಡ್ ವ್ಯತ್ಯಾಸ ಬಿಟ್ಟುಬಿಡೋದನ್ನು ನಾನು ಒಪ್ಪಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಸುಲಭ. ವರ್ಗಾಕ್ಷರ ಬರುತ್ತದಲ್ಲ? ಸಾಲಿನ ಮೊದಲ ಅಕ್ಷರಗಳಾದ ಕ್, ಚ್, ಪ್ ಬಂದರೆ ಟ್. ಜೊತೆಗೆ ಸ್, ಶ್, ಫ್ ಸೇರಿಸಿ. ಗ್, ಜ್, ಬ್, ನ್, ಮ್, ಲ್, ಇಲ್ಲವೇ ಸ್ವರ ಬಂದರೆ ಡ್. ಅನುಮಾನ ಬಂದರೆ ಗಂಟಲ ಮೇಲೆ ಬೆರಳಿಟ್ಟು ನೋಡಲಿ. ಗುಂಯ್ ಅಂದರೆ ಡ್. ನಮ್ಮ ಭೂತಕಾಲವೂ ಹೀಗೇ ಬದಲಾಗುತ್ತದೆ ಅಂತ ತೋರಿಸಿ: ನಡೆದ, ಕಲಿತ, ಇಟ್ಟ. ಇಂಗ್ಲಿಷ್ ಒಂದೇ ವಕ್ರ ಭಾಷೆ ಅನ್ನೋ ಸಿಟ್ಟು ಆಗ ಇಳಿಯುತ್ತದೆ.

ಒಂದು ಎಚ್ಚರ. ಸ್ಪೆಲಿಂಗ್ ನೋಡಿ ತೀರ್ಮಾನ ಮಾಡಬಾರದು. ಲಾಫ್ ಬರೆಯೋದು ‘ಜಿ-ಎಚ್’ನಲ್ಲಿ, ಕೇಳಿಸೋದು ಫ್, ಹಾಗಾಗಿ ಲಾಫ್ಟ್. ಕ್ಲೈಂಬ್ ಬರೆಯುವಾಗ ‘ಬಿ’ ಇದೆ, ಬಾಯಲ್ಲಿ ಇಲ್ಲ, ಹಾಗಾಗಿ ಕ್ಲೈಮ್ಡ್. ನಂದಿ ಬೆಟ್ಟ ಹತ್ತಿದ ಬಗ್ಗೆ ಬರೆಸಿದರೆ ಈ ಪದ ಬಂದೇ ಬರುತ್ತದೆ.

ಬಾಗೇಪಲ್ಲಿಯಿಂದ
ನಮ್ಮಲ್ಲಿ ತೆಲುಗು ಮನೆಮಾತಿನ ಮಕ್ಕಳೇ ಜಾಸ್ತಿ. ‘ಎ’ ಬಿಡಿಸಿದರೆ ಕೊನೆಗೆ ‘ಉ’ ಬಂದು ಕೂರುತ್ತದೆ: ವಾಕ್ಟು, ಜಂಪ್ಟು. ಕನ್ನಡದವರೂ ಬಸ್ಸು, ಕಾರು ಅನ್ನೋರೇ ತಾನೆ. ಉರ್ದು ಮನೆಮಾತಿನ ಮಕ್ಕಳಿಗೆ ಈ ಕಾಟ ಕಮ್ಮಿ, ಅವರಿಂದ ಮೊದಲು ಓದಿಸುತ್ತೇನೆ.

ಬಾಯಿಗೆ ಸ್ವರ ಬೇಕೇ ಬೇಕು ಅಂದರೆ ಮುಂದಿನ ಪದದಿಂದ ಕೊಡಿ. ನಮ್ಮ ಮಕ್ಕಳ ಮನೆಗಳಲ್ಲಿ ಟೊಮೆಟೊ ಬೆಳೆಯುತ್ತಾರೆ. ‘ವಿ ಪಿಕ್ಟ್ ಎ ಬಾಕ್ಸ್, ವಿ ಪ್ಯಾಕ್ಟ್ ಎ ಬಾಕ್ಸ್, ವಿ ಲೋಡೆಡ್ ಎ ಬಾಕ್ಸ್’ ಅಂತ ಹೇಳಿಸುತ್ತೇನೆ. ಬೇಗ ಹೇಳಿದರೆ ‘ಪಿಕ್‌ಟ, ಪ್ಯಾಕ್‌ಟ, ಲೋಡೆಡ’ ಅಂತ ಕೂಡಿಕೊಂಡು ಬರುತ್ತದೆ. ‘ಉ’ಗೆ ಜಾಗವೇ ಇರಲ್ಲ. ಮೂರನೆಯದರಲ್ಲಿ ಮಾತ್ರ ‘ಎಡ್’ ಯಾಕೆ ಅಂತ ಅವರೇ ಕೇಳುತ್ತಾರೆ, ಆಗ ಗುಬ್ಬಿಯವರ ನಿಯಮ ಹೇಳಿ.

ತುಮಕೂರಿನಿಂದ
ವಿಕೆಡ್, ಸೇಕ್ರೆಡ್ ಥರದ ಗುಣವಾಚಕಗಳು ಈ ಲೆಕ್ಕಕ್ಕೆ ಬರಲ್ಲ. ವಿದ್ವಾಂಸ ಅನ್ನೋ ಅರ್ಥದಲ್ಲಿ ‘ಲರ್ನೆಡ್’, ಕಲಿತ ಅನ್ನುವಾಗ ‘ಲರ್ನ್ಡ್’. ಎಂಟನೇ ಕ್ಲಾಸಿಗೆ ನೀವಾಗಿ ಹೇಳಬೇಡಿ, ಸುಮ್ನೆ ಗೊಂದಲ. ಯಾರಾದರೂ ಕೇಳಿದರೆ ಹೇಳಿ.

ಚಿಂತಾಮಣಿಯ ಶಿಕ್ಷಕಿ
ಎಲ್ಲರಿಗೂ ಥ್ಯಾಂಕ್ಸ್. ರಿಟೈರ್ಡ್-ಲಿಮಿಟೆಡ್ ನಾಳೆಯೇ ಶುರು ಮಾಡುತ್ತೇನೆ. ಇನ್ನೊಂದು ಅನುಮಾನ. ‘ಆಸ್ಕ್ಟ್’ನಲ್ಲಿ ಸ್, ಕ್, ಟ್ ಮೂರೂ ಒಟ್ಟಿಗೆ ಬರುತ್ತವೆ. ನನಗೇ ನಾಲಿಗೆ ತೊಡರುತ್ತದೆ, ಮಕ್ಕಳ ಗತಿ?

ಕೋಲಾರದಿಂದ
ಕ್ ಬಿಟ್ಟು ‘ಆಸ್ಟ್’ ಅನ್ನಲಿ ಬಿಡಿ ಮೇಡಂ. ಇಂಗ್ಲಿಷ್ ಮನೆಮಾತಿನವರೂ ಬೇಗ ಮಾತಾಡುವಾಗ ಹಾಗೇ ಅನ್ನುತ್ತಾರೆ. ‘ಆಸ್ಕೆಡ್’ ಆಗದಿದ್ದರೆ ಸಾಕು.