ದಿನಾ ಐದು ನಿಮಿಷದ ಸಣ್ಣ ಟೆಸ್ಟ್: ಅಂಕ ಬರೆದುಕೊಳ್ಳಬೇಕಾ, ಬೇಡವಾ?

ಬೆಟಗೇರಿ ಟೀಚರ್:
ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನನ್ನ ಮಕ್ಕಳಲ್ಲಿ ತುಂಬಾ ಜನ ನೇಕಾರರ ಮನೆಯವರು. ಸಂಜೆ ಮನೆಗೆ ಹೋದರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಕಾದಿರುತ್ತದೆ. ಪುಸ್ತಕ ಹಿಡಿಯಲು ಹೊತ್ತು ಸಿಗುವುದಿಲ್ಲ. ಹಾಗಾಗಿ ಓದಿದ್ದು ಗಟ್ಟಿಯಾಗಬೇಕೆಂದರೆ ಅದು ಕ್ಲಾಸಿನಲ್ಲೇ ಆಗಬೇಕು.

ಈ ವರ್ಷ ಪೀರಿಯಡ್ ಶುರುವಾದ ಕೂಡಲೇ ನಾಲ್ಕೈದು ಪ್ರಶ್ನೆ ಕೇಳುತ್ತಿದ್ದೇನೆ. ಅರ್ಧ ಹಾಳೆಯಲ್ಲಿ ಉತ್ತರ ಬರೆಯುತ್ತಾರೆ. ಕೆಲವರಿಗೆ ಖುಷಿ. ಇನ್ನು ಕೆಲವರು ನಾನು ಒಳಗೆ ಬರುವಾಗಲೇ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅಂಕ ಬರೆದುಕೊಳ್ಳದಿದ್ದರೆ ಮಕ್ಕಳು ಕ್ಯಾರೇ ಅನ್ನುವುದಿಲ್ಲ ಎಂದು ಜೊತೆಯ ಸರ್ ಒಬ್ಬರು ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವಿನ ಸಣ್ಣ ಪರೀಕ್ಷೆ), ಎರಡು ಎಸ್‌ಎ (ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆ) ಇರುವಾಗ ಮತ್ತೊಂದು ಯಾಕೆ ಎಂಬುದೂ ಅವರ ಪ್ರಶ್ನೆ. ನೀವೆಲ್ಲ ಏನು ಹೇಳುತ್ತೀರಿ?

ಧಾರವಾಡದ ನಿವೃತ್ತ ಮಾಸ್ತರ:
ಅಕ್ಕಾರೇ, ಅಂಕ ಬರೆದುಕೊಳ್ಳಬೇಡಿ. ಆದರೆ ಟೆಸ್ಟ್ ನಿಲ್ಲಿಸಲೂ ಬೇಡಿ.

ಎಷ್ಟು ಬಂತು ಎಂದು ಅಳೆಯಲು ಎಫ್‌ಎ, ಎಸ್‌ಎ ಇವೆ. ನೀವು ಮಾಡುತ್ತಿರುವುದು ಕಲಿಸುವ ಕೆಲಸ. ಪುಸ್ತಕ ಮುಚ್ಚಿ, ತಲೆ ಕೆರೆದುಕೊಂಡು, ನೆನಪಿನಿಂದ ಉತ್ತರ ಎಳೆದು ತೆಗೆಯುವಾಗಲೇ ವಿಷಯ ಗಟ್ಟಿಯಾಗುತ್ತದೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ವಿದ್ಯಾರ್ಥಿಗಳಿಗೆ ಎರಡು ಚಿಕ್ಕ ಪಾಠ ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿಗಳ ಬಗ್ಗೆ. ಒಂದನ್ನು ಎರಡನೇ ಸಲ ಓದಿಸಿದರು. ಇನ್ನೊಂದನ್ನು ನೋಡದೆ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ನೂರಕ್ಕೆ 81. ಬರೆದದ್ದು 75. ವಾರ ಬಿಟ್ಟು ಕೇಳಿದಾಗ ಪೂರ್ತಿ ತಿರುಗಿತ್ತು. ಓದಿದ್ದು 42ಕ್ಕೆ ಇಳಿದಿತ್ತು, ಬರೆದದ್ದು 56ರಲ್ಲಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಎರಡೆರಡು ಸಲ ಓದಿ "ಎಲ್ಲಾ ಬರುತ್ತದೆ ಸರ್" ಅನ್ನುವ ಮಕ್ಕಳು ಸುಳ್ಳು ಹೇಳುವುದಿಲ್ಲ. ಆ ಹೊತ್ತಿಗೆ ನಿಜವಾಗಿಯೂ ಬರುತ್ತಿರುತ್ತದೆ!

ಒಂದು ಮಾತ್ರ ತಪ್ಪಿಸಬೇಡಿ. ಬರೆದಾದ ಕೂಡಲೇ ಸರಿ ಉತ್ತರ ಹೇಳಿ. ಇಲ್ಲದಿದ್ದರೆ ತಪ್ಪೇ ತಲೆಯಲ್ಲಿ ಕೂತುಬಿಡಬಹುದು, ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಲ್ಲಂತೂ ಜಾಸ್ತಿ.

ಪ್ರಶ್ನೆಯೂ ಬರೀ ವ್ಯಾಖ್ಯೆಯದ್ದಾಗದಿರಲಿ. "ಗದಗದಿಂದ ಹೊರಟ ಬಸ್ಸು ಹುಬ್ಬಳ್ಳಿ ಮುಟ್ಟಿ ತಿರುಗಿ ಗದಗಕ್ಕೆ ಬಂತು. ಓಡಿದ ದೂರ ಹೆಚ್ಚುಕಡಿಮೆ 120 ಕಿ.ಮೀ. ಸ್ಥಾನಪಲ್ಲಟ ಎಷ್ಟು?" ಎಂದು ಕೇಳಿ. ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ಕೊನೆಗೆ ನಿಂತ ಜಾಗಕ್ಕೆ ಇರುವ ನೇರ ದೂರ, ಸೊನ್ನೆ ಯಾಕೆ ಎಂದು ತಿಳಿದ ಮಗುವಿಗೆ ಜವಕ್ಕೂ (ಸ್ಪೀಡ್) ವೇಗಕ್ಕೂ (ದಿಕ್ಕೂ ಸೇರಿದ ವೆಲಾಸಿಟಿ) ಇರುವ ವ್ಯತ್ಯಾಸ ಅರ್ಧ ತಿಳಿದ ಹಾಗೆಯೇ.

ಹುಬ್ಬಳ್ಳಿ ತಾಯಿ:
ನಾನು ಟೀಚರ್ ಅಲ್ಲ, ಎಂಟನೇ ಕ್ಲಾಸಿನ ಹುಡುಗಿಯ ತಾಯಿ. ನನ್ನ ಮಗಳು ಹೋಗುತ್ತಿದ್ದ ಒಂದು ಟ್ಯೂಷನ್‌ನಲ್ಲಿ ವಾರಕ್ಕೊಂದು ಟೆಸ್ಟ್ ಇತ್ತು. ಅಂಕಗಳನ್ನು ಹೆಸರಿನ ಸಮೇತ ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಶನಿವಾರ ಬಂದರೆ ಅವಳು ಊಟ ಬಿಡುತ್ತಿದ್ದಳು. ಕೊನೆಗೆ ಬಿಡಿಸಿದೆವು.

ಟೀಚರ್, ದಯವಿಟ್ಟು ಹಾಳೆ ಅದಲುಬದಲು ಮಾಡಿಸಿ ಪಕ್ಕದವರಿಂದ ತಿದ್ದಿಸಬೇಡಿ. "ಎಷ್ಟು ಜನರಿಗೆ ಐದಕ್ಕೆ ಐದು?" ಎಂದು ಕೈ ಎತ್ತಿಸಲೂಬೇಡಿ. ಕೈ ಎತ್ತದ ಮಕ್ಕಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಅವರ ಹಾಳೆ ಅವರೇ ತಿದ್ದಿಕೊಳ್ಳಲಿ.

ರಾಣೆಬೆನ್ನೂರು ಪಿಯು ಉಪನ್ಯಾಸಕ:
ಮಾಸ್ತರ ಮಾತು ಬಹುಪಾಲು ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ಪಿಯು ಹುಡುಗರಿಗೆ ಏನೂ ಲೆಕ್ಕವಿಲ್ಲ ಎಂದರೆ ಹಾಳೆಯನ್ನೇ ಹೊರಗೆ ತೆಗೆಯುವುದಿಲ್ಲ. ಅದಕ್ಕೆ ನಾನು ಬರೆದವರಿಗೆ ಒಂದು ಟಿಕ್ ಹಾಕುತ್ತೇನೆ. ಸರಿಯೋ ತಪ್ಪೋ, ಬರೆದಿದ್ದರೆ ಸಾಕು. ನಿಮ್ಮ ಸಹೋದ್ಯೋಗಿಗೂ ಇದು ಒಪ್ಪಿಗೆಯಾದೀತು.

ಇನ್ನೊಂದು. ನಿನ್ನೆಯ ಪಾಠವನ್ನಷ್ಟೇ ಕೇಳಬೇಡಿ. ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲೇ ಬೇಗ ಮರೆಯುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದಾರೆ. ನಡುನಡುವೆ ಬಿಡುವು ಕೊಟ್ಟು ಮತ್ತೆ ಕೇಳಿದರೆ ನಿಲ್ಲುತ್ತದೆ. ಐದರಲ್ಲಿ ಎರಡು ನಿನ್ನೆಯದು, ಎರಡು ಕಳೆದ ವಾರದ್ದು, ಒಂದು ಜೂನ್ ತಿಂಗಳದ್ದು ಇರಲಿ. ಹಿಂದೆಂದೋ ಓದಿದ ಜೀವಕೋಶದ ಪಾಠದ ಮೈಟೋಕಾಂಡ್ರಿಯಾವನ್ನು ನವೆಂಬರ್‌ನಲ್ಲಿ ಕೇಳಿದರೆ ಮೊದಮೊದಲು ಗೊಣಗುತ್ತಾರೆ. ಗೊಣಗಲಿ ಬಿಡಿ.

ಬೆಟಗೇರಿ ಟೀಚರ್:
ಎಲ್ಲರಿಗೂ ಧನ್ಯವಾದ. ಟಿಕ್ ಹಾಕುವುದು ಹಿಡಿಸಿತು, ಸೋಮವಾರದಿಂದ ಶುರು ಮಾಡುತ್ತೇನೆ. ಮಾಸ್ತರ್ ಸರ್, ಕೊನೆಯ ಬೆಂಚಿನ ಒಬ್ಬ ಹುಡುಗಿ ದಿನಾ ಖಾಲಿ ಹಾಳೆ ಇಟ್ಟುಕೊಂಡು ಕೂರುತ್ತಾಳೆ. ಗೊತ್ತಿಲ್ಲದಿದ್ದರೂ ಬರೆಯಲು ಹೇಳಲಾ?

ಧಾರವಾಡದ ನಿವೃತ್ತ ಮಾಸ್ತರ:
ಹೇಳಿ. ಊಹಿಸಿ ಬರೆಯಲಿ. ತಪ್ಪು ಬರೆದರೂ ಹಿಂದೆಯೇ ಸರಿ ಉತ್ತರ ಕೇಳಿದರೆ, ಸುಮ್ನೆ ಕೂತು ಕೇಳಿದ್ದಕ್ಕಿಂತ ಅದು ಚೆನ್ನಾಗಿ ನೆನಪಿರುತ್ತದೆ. ಆದರೆ ಒಂದು ವಾರದವರೆಗೆ ದಿನಾ ಮೊದಲ ಪ್ರಶ್ನೆಯನ್ನು ಅವಳಿಗೆ ಖಂಡಿತ ಬರುವಂಥದ್ದೇ ಇಡಿ. ಅವಳಿಗಾಗಿ ಇಟ್ಟದ್ದು ಎಂದು ಯಾರಿಗೂ ಗೊತ್ತಾಗಬಾರದು. ಒಂದಾದರೂ ಬರೆದ ಮೇಲೆ ಎರಡನೆಯದಕ್ಕೆ ಕೈ ತಾನಾಗಿ ಹೋಗುತ್ತದೆ.

ಆಗಾಗ ಹೆಸರಿಲ್ಲದೆ ಹಾಳೆಗಳನ್ನು ಒಟ್ಟು ಮಾಡಿ ನೋಡಿ. ಅರ್ಧ ಕ್ಲಾಸು ಒಂದೇ ಪ್ರಶ್ನೆಯಲ್ಲಿ ಎಡವಿದ್ದರೆ ಆ ಪಾಠವನ್ನು ಬೇರೆ ರೀತಿಯಲ್ಲಿ ಇನ್ನೊಮ್ಮೆ ಮಾಡಬೇಕು, ಅಷ್ಟೇ. ಮುಂದಿನ ತಿಂಗಳು ಹೇಗಾಯಿತು ಎಂದು ಇಲ್ಲಿ ಬರೆಯಿರಿ.