ಸ್ಟ್ಯಾಟಿಸ್ಟಿಕ್ಸ್ ಭಾಷೆ ಆರ್‌ನ ಬೀಟಾನ (ಟೆಸ್ಟ್‌ಗೆ ಬಿಡೋ ವರ್ಷನ್) ಲಿನಕ್ಸ್ ಬಳಸೋರಿಗೆ ತೊಂದ್ರೆ ಆಗ್ದಂಗೆ ಕೊಡೋದು ಹೆಂಗೆ? ಅನುಭವ ಇದ್ದೋರು ಹೇಳಿ

ನಮ್ ಡಿಪಾರ್ಟ್‌ಮೆಂಟ್‌ನೋರಿಗೆ ಆರ್ ಮತ್ತೆ ನಾವೇ ಬರ್ದಿರೋ ಒಂದು ಸ್ಟ್ಯಾಟಿಸ್ಟಿಕ್ಸ್ ಪ್ಯಾಕೇಜನ್ನ ಡೆಬ್ (ಇನ್‌ಸ್ಟಾಲ್ ಮಾಡೋ ಫೈಲ್) ಮಾಡಿ ಆಪ್ಟ್ ರೆಪೊದಲ್ಲಿ, ಅಂದ್ರೆ ಆಪ್ಟ್ ಕಮಾಂಡ್ ಸಾಫ್ಟ್‌ವೇರ್ ಇಳಿಸ್ಕೊಳ್ಳೋ ಜಾಗದಲ್ಲಿ ಇಡ್ತೀನಿ, ಡೆಬಿಯನ್ ಉಬುಂಟು ಎರಡೂ ಇದಾವೆ. ಹೋದ್ಸಲ ಬೀಟಾನೂ ಅದೇ ರೆಪೊಗೆ ಹಾಕ್ಬಿಟ್ಟೆ, ಮಾರನೇ ದಿನ ಅಪ್‌ಗ್ರೇಡ್ ಕೊಟ್ಟೋರ ಮಷಿನ್‌ಗೆಲ್ಲ ಹೋಗಿ ಕೂತಿತ್ತು. ಥೀಸಿಸ್ ಬರೀತಿದ್ದ ಹುಡುಗಿ ಟೇಬಲ್‌ನಲ್ಲಿ ನಂಬರೇ ಬೇರೆ ಬರ್ತಿದೆ ಅಂತ ಬಂದ್ಲು. ಮತ್ತೆ ಹಂಗಾಗ್ಬಾರ್ದು.

— ಮೊದ್ಲು ರೆಪೊ ಬೇರೆ ಮಾಡಿ. ಡೆಬಿಯನ್‌ನೋರು ಆರ್‌ಗೆ ಮಾಡೋದೂ ಇದೇ, ಏಪ್ರಿಲ್ ಹೊತ್ತಿಗೆ ಹೊಸ ವರ್ಷನ್ ಬರೋ ಮುಂಚೆ ಆಲ್ಫಾ, ಬೀಟಾ, ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್) ಎಲ್ಲ ಎಕ್ಸ್‌ಪೆರಿಮೆಂಟಲ್ ಅನ್ನೋ ಬೇರೆ ರೆಪೊಗೆ ಹೋಗುತ್ವೆ. ಆ ರೆಪೊದ ರಿಲೀಸ್ ಫೈಲಲ್ಲಿ 'ನಾಟ್‌ಆಟೊಮ್ಯಾಟಿಕ್: ಯೆಸ್' ಅಂತ ಒಂದು ಸಾಲು ಇರುತ್ತೆ, ಅದಿದ್ರೆ ಆಪ್ಟ್ ಅದಕ್ಕೆ ಕೊಡೋ ಪ್ರಯಾರಿಟಿ ಬರೀ 1, ಆ ರೆಪೊದ್ದೇ ಬೇಕು ಅಂತ ಹೇಳಿ ಕೇಳಿದ್ರೆ ಮಾತ್ರ ಬರುತ್ತೆ, ಸುಮ್ನೆ ಅಪ್‌ಗ್ರೇಡ್ ಕೊಟ್ರೆ ಬರಲ್ಲ. ಜೊತೆಗೆ 'ಬಟ್‌ಆಟೊಮ್ಯಾಟಿಕ್‌ಅಪ್‌ಗ್ರೇಡ್ಸ್: ಯೆಸ್' ಹಾಕಿದ್ರೆ 100 ಆಗುತ್ತೆ, ಬೇಕಂತಲೇ ಬೀಟಾ ಹಾಕ್ಕೊಂಡೋರಿಗೆ ಮುಂದಿನ ಬೀಟಾ ತಾನಾಗೇ ಸಿಗುತ್ತೆ, ಉಳಿದೋರ ಮಷಿನ್ ಮುಟ್ಟಲ್ಲ. ನಿಮಗೆ ಇದೇ ಸರಿ ಅನ್ಸುತ್ತೆ.

— ವರ್ಷನ್ ನಂಬರ್ ನೋಡ್ಕೊಳಿ. ನಾನು 2.0-ಬೀಟಾ1 ಅಂತ ಇಟ್ಟಿದ್ದೆ, ಆಮೇಲೆ ನಿಜವಾದ 2.0-1 ಬಂದಾಗ ಡಿಪಿಕೆಜಿ (ಡೆಬ್ ಇನ್‌ಸ್ಟಾಲ್ ಮಾಡೋ ಪ್ರೋಗ್ರಾಂ) ಲೆಕ್ಕದಲ್ಲಿ ಬೀಟಾನೇ ದೊಡ್ಡದು, ಪಾಪ ಟೆಸ್ಟ್ ಮಾಡಿಕೊಟ್ಟೋರೇ ಹಳೇದ್ರಲ್ಲಿ ಸಿಕ್ಕಾಕ್ಕೊಂಡ್ರು. 2.0~ಬೀಟಾ1 ಅಂತ ಟಿಲ್ಡೆ ಹಾಕಿ, ಅದು 2.0ಗಿಂತ ಚಿಕ್ಕದು ಅಂತ ಲೆಕ್ಕ. ಆರ್ ಪ್ಯಾಕೇಜ್ ಒಳಗಡೆ ಅಕ್ಷರ ನಡೆಯಲ್ಲ, ಅಲ್ಲಿ 1.9.0.9000 ಥರ ಇಡ್ತಾರೆ.

— ಆ ಹುಡುಗಿ ವಿಷ್ಯ ಓದಿ ಬೇಜಾರಾಯ್ತು. ಬೇರೆ ಸಾಫ್ಟ್‌ವೇರ್ ಬೀಟಾ ಕೆಟ್ರೆ ಕ್ರ್ಯಾಶ್ ಆಗುತ್ತೆ, ಗೊತ್ತಾಗುತ್ತೆ, ಸ್ಟ್ಯಾಟಿಸ್ಟಿಕ್ಸ್‌ದು ಹಂಗಲ್ಲ, ಎಲ್ಲ ಸರಿಯಾಗೇ ಓಡಿ ಬೇರೆ ಉತ್ತರ ಕೊಟ್ಬಿಡುತ್ತೆ. ಬೀಟಾನೇ ಆಗ್ಬೇಕು ಅಂತಿಲ್ಲ, 2019ರಲ್ಲಿ ಆರ್ 3.6.0 ಬಂದಾಗ ಸ್ಯಾಂಪಲ್ ಫಂಕ್ಷನ್ ಒಳಗಿನ ವಿಧಾನ ಬದಲಾಯ್ತು, ಹಳೇದ್ರಲ್ಲಿ ಸ್ವಲ್ಪ ಪಕ್ಷಪಾತ ಇತ್ತು ಅಂತ ಒಳ್ಳೇದಕ್ಕೇ ಮಾಡಿದ್ದು, ಆದ್ರೆ ಅದೇ ಸೀಡ್ (ರ‍್ಯಾಂಡಮ್ ಆಯ್ಕೆ ಶುರು ಮಾಡೋ ಸಂಖ್ಯೆ) ಕೊಟ್ರೂ ಬೇರೆ ಸ್ಯಾಂಪಲ್. ಆರ್‌ಎನ್‌ಜಿವರ್ಷನ್ ಅನ್ನೋ ಫಂಕ್ಷನ್‌ಗೆ 3.5.0 ಅಂತ ಕೊಟ್ರೆ ಹಳೇದು ವಾಪಸ್ ಬರುತ್ತೆ, ಗೊತ್ತಿದ್ದೋರಿಗೆ. ಅದಕ್ಕೇ ನಾನು ಹಳೇ ನಾಲ್ಕೈದು ಡೇಟಾಸೆಟ್ ಇಟ್ಕೊಂಡಿದೀನಿ, ಎರಡೂ ವರ್ಷನ್‌ನಲ್ಲಿ ಓಡಿಸಿ ಕೋಎಫಿಷಿಯೆಂಟ್, ಸ್ಟ್ಯಾಂಡರ್ಡ್ ಎರರ್ ತಾಳೆ ನೋಡದೆ ಯಾರಿಗೂ ಬೀಟಾ ಕೊಡಲ್ಲ. ವ್ಯತ್ಯಾಸ ಬಂದ್ರೆ ಯಾಕೆ ಅಂತ ಬರ್ದು ಜೊತೆಗೇ ಕಳಿಸ್ತೀನಿ.

— ಆರ್‌ದೇ ಬೀಟಾ ಆದ್ರೆ ನಾನು ಆಪ್ಟ್ ತಂಟೆಗೇ ಹೋಗಲ್ಲ, ಸೋರ್ಸ್‌ನಿಂದ ಬಿಲ್ಡ್ ಮಾಡಿ ಆಪ್ಟ್ ಮುಟ್ಟದ ಬೇರೆ ಡೈರೆಕ್ಟರಿಯಲ್ಲಿ ಇಡ್ತೀನಿ, ಅದಕ್ಕೆ ಬೇರೆ ಲೈಬ್ರರಿ ಫೋಲ್ಡರ್. 2020ರಲ್ಲಿ 4.0.0 ಬಂದಾಗ ಇರೋ ಪ್ಯಾಕೇಜ್‌ಗಳನ್ನೆಲ್ಲ ಮತ್ತೆ ಇನ್‌ಸ್ಟಾಲ್ ಮಾಡ್ಬೇಕಾಯ್ತಲ್ಲ, ಲೈಬ್ರರಿ ಒಂದೇ ಇಟ್ಕೊಂಡೋರು ಆಗ ಒದ್ದಾಡಿದ್ರು. ಮತ್ತೆ ಹಳೇ ಡೆಬ್ ಫೈಲ್ ಡಿಲೀಟ್ ಮಾಡ್ಬೇಡಿ, ರೆಪೊದಲ್ಲಿ ಅದು ಇದ್ರೆ ತಾನೇ ಆ ಹುಡುಗಿ ವರ್ಷನ್ ನಂಬರ್ ಕೊಟ್ಟು ವಾಪಸ್ ಹೋಗಿ, ಥೀಸಿಸ್ ಸಬ್ಮಿಟ್ ಆಗೋವರ್ಗೂ ಆಪ್ಟ್-ಮಾರ್ಕ್ ಹೋಲ್ಡ್ (ಅಪ್‌ಗ್ರೇಡ್ ಆಗ್ದಂಗೆ ತಡೆಯೋ ಕಮಾಂಡ್) ಹಾಕ್ಕೊಂಡು ಇರೋಕಾಗೋದು.