ಅತ್ತಿಗೆಯ ಗ್ಯಾಸ್ ಬಿಲ್ ಮೆಸೇಜಿಗೆ

ಅತ್ತಿಗೇ, ಆಡಿಯೋ ಕಳಿಸುವ ಅಂತ ಇದ್ದೆ, ಇಲ್ಲಿ ಡೊಂಬಿವಲಿ ಸ್ಟೇಷನ್ನಲ್ಲಿ ಅನೌನ್ಸ್‌ಮೆಂಟ್ ಬಿಟ್ರೆ ಬೇರೆ ಎಂತದೂ ಕೇಳುದಿಲ್ಲ, ಹಾಗಾಗಿ ಬಾಯಲ್ಲಿ ಹೇಳಿ ಟೈಪ್ ಮಾಡಿಸ್ತಾ ಇದ್ದೇನೆ, ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಓದಿಕೊಳ್ಳಿ.

ಸೊಸೆಯ ಫೋನಿಂದ ನೀವು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತೂವರೆಗೆ ಗ್ಯಾಸ್ ಲೈನ್ ಕಟ್ ಅಂತ ಫೋನ್ ಬಂತು, ವಾಟ್ಸಾಪಲ್ಲಿ ಬಂದ ಫೈಲ್ ಒತ್ತಿದ್ರಿ, ಫೋನ್ ಹ್ಯಾಂಗ್ ಆಯ್ತು, ಹೆದರಿ ಸ್ವಿಚ್ ಆಫ್ ಮಾಡಿದ್ರಿ. ಆಫ್ ಮಾಡಿದ್ದು ಒಳ್ಳೇದಾಯ್ತು, ಹಾಗೇ ಇರ್ಲಿ. ಅದು ಬಿಲ್ ಅಲ್ಲ, ಎಪಿಕೆ ಅಂತ ಹೇಳ್ತಾರಲ್ಲ, ಒತ್ತಿದ್ರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಅದು ಪರ್ಮಿಷನ್ ಕೇಳಿದಾಗೆಲ್ಲ "ಅಲೋ" (Allow) ಒತ್ತುತ್ತಾ ಹೋದ್ರೆ ನಿಮಗೆ ಬರುವ ಮೆಸೇಜೆಲ್ಲ ಆ ಕಳ್ಳನಿಗೂ ಹೋಗ್ತದೆ. ನೀವು ಬರೆದಿದ್ದೀರಿ, ನಾನು ಒಟಿಪಿ ಯಾರಿಗೂ ಹೇಳ್ಲಿಲ್ಲ ಅಂತ, ಆದ್ರೆ ಇದರಲ್ಲಿ ಅವನು ಕೇಳುವ ಅಗತ್ಯವೇ ಇಲ್ಲ ಅತ್ತಿಗೆ, ತಾನೇ ಓದಿಕೊಳ್ತಾನೆ.

ಈಗ ಒಲೆ ಆಫ್ ಮಾಡಿ ಮೊದ್ಲು ಇದು ಮಾಡಿ. ಪಾಸ್‌ಬುಕ್ಕಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ಬ್ಯಾಂಕಿನ ನಂಬರ್ ಉಂಟು, ಸೊಸೆಯ ಫೋನಿಂದ ಅದಕ್ಕೆ ಮಾಡಿ, ಗೂಗಲಲ್ಲಿ ಹುಡುಕ್ಬೇಡಿ, ಅಲ್ಲಿಯೂ ಕಳ್ಳರ ನಂಬರ್ ಇರ್ತದೆ. ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರೂ ಬ್ಲಾಕ್ ಮಾಡಿ ಅಂತ ಹೇಳಿ. ಒಂದು ರೂಪಾಯಿ ಹೋದದ್ದು ಕಂಡ್ರೂ ಅದೇ ಕೈಯಲ್ಲಿ 1930 ಒತ್ತಿ, ಅದು ಸೈಬರ್ ಮೋಸಕ್ಕೆ ಸರ್ಕಾರದ ಸಹಾಯವಾಣಿ. ಸಿಮ್ ತೆಗೆದು ಅಣ್ಣನ ಹಳೇ ಡಬ್ಬಾ ಫೋನಿಗೆ ಹಾಕಿ, *#21# ಒತ್ತಿ ನೋಡಿ, ನಿಮ್ಮ ಕಾಲ್ ಬೇರೆ ನಂಬರಿಗೆ ಹೋಗ್ತಾ ಉಂಟಾ ಅಂತ ಗೊತ್ತಾಗ್ತದೆ, ಉಂಟಾದ್ರೆ ##002# ಒತ್ತಿದ್ರೆ ಕಟ್.

ಇನ್ನು ನೀವು ಕೊನೆಗೆ ಬರೆದದ್ದು, "ಇವರಿಗೆ ಹೇಳ್ಬೇಡಿ, ಬೈತಾರೆ" ಅಂತ. ಅದನ್ನು ಓದಿಯೇ ನಾನು ಇಷ್ಟುದ್ದ ಹೇಳ್ತಾ ಇರುದು.

ಕಳೆದ ವರ್ಷ ನಮ್ಮ ಹಳೇ ಗ್ರೈಂಡರ್ ಮಾರ್ಲಿಕ್ಕೆ ಆನ್‌ಲೈನಲ್ಲಿ ಹಾಕಿದ್ದೆ, ನೆನಪುಂಟಲ್ಲ, ಯಾರೋ ತಗೊಂಡು ಹೋದ ಅಂತ ನಿಮಗೆಲ್ಲ ಹೇಳಿದ್ದೆ. ಸುಳ್ಳು. ಮಿಲಿಟರಿಯವನು ಅಂತ ಒಬ್ಬ ಫೋನ್ ಮಾಡಿದ, ಚೌಕಾಶಿಯೇ ಇಲ್ಲ, ಹಣ ಕಳಿಸ್ತೇನೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಹಾಕಿದೆ. ಎಂಟು ಸಾವಿರ ಹೋಯ್ತು. ತಪ್ಪಾಯ್ತು ಸಾರ್, ವಾಪಸ್ ಹಾಕ್ತೇನೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ಅಂದ, ಇನ್ನೊಮ್ಮೆ ಮಾಡಿದೆ, ಮತ್ತೆ ಮಾಡಿದೆ. ಒಟ್ಟು ಇಪ್ಪತ್ನಾಲ್ಕು ಸಾವಿರ. ಮೂವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ಚಿಲ್ಲರೆ ಎಣಿಸಿದವ ನಾನು, ಹಣ ಬರ್ಲಿಕ್ಕೆ ಪಿನ್ ಬೇಡ, ಕೊಡ್ಲಿಕ್ಕೆ ಮಾತ್ರ ಬೇಕು ಅಂತ ಹುಡುಗರಿಗೆ ಹೇಳಿಕೊಟ್ಟವನೂ ನಾನೇ!

ಆಮೇಲೆ ಎಂತ ಮಾಡಿದೆ ಗೊತ್ತುಂಟಾ, ಸುಮ್ನೆ ಕೂತೆ. ಎರಡು ದಿನ. ಇವಳು ದಿನಸಿಗೆ ಹಣ ಕೇಳಿದ್ರೆ ಸರ್ವರ್ ಡೌನ್ ಅಂದೆ, ಊಟ ಸೇರ್ಲಿಲ್ಲ, ಗ್ಯಾಸ್ಟ್ರಿಕ್ ಅಂದೆ. ಮೂರನೇ ದಿನ ಮಗ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಸಿಕ್ಕಿಬಿದ್ದೆ. 1930ಕ್ಕೆ ಮಾಡಿದ್ವಿ, ಅಷ್ಟರಲ್ಲಿ ಹಣ ಎರಡು ಅಕೌಂಟ್ ದಾಟಿ ಎಟಿಎಮ್ಮಲ್ಲಿ ಡ್ರಾ ಆಗಿತ್ತು. ಅಕೌಂಟಲ್ಲೇ ಇದ್ರೆ ಅವರು ತಡೆ ಹಾಕ್ತಾರೆ, ಕೈಗೆ ಹೋದ ಮೇಲೆ ಯಾರು ಎಂತ ಮಾಡುದು? ಮೋಸಕ್ಕಿಂತ ಆ ಎರಡು ದಿನವೇ ನನ್ನನ್ನು ಮುಳುಗಿಸಿದ್ದು. 2017ರಲ್ಲೇ ಆರ್‌ಬಿಐ ರೂಲ್ ಮಾಡಿತ್ತಂತೆ, ನಮ್ಮದೇ ತಪ್ಪಿಂದ ಹೋದ್ರೂ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ನಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಅಂದ್ರೆ ಅಣ್ಣ ಬೈತಾರೆ ಅಂತ ತಡ ಮಾಡಿದಷ್ಟು ಹೊತ್ತು ನಮ್ಮ ಲೆಕ್ಕಕ್ಕೇ.

ಪುಟ್ಟಾ, ಬಿದ್ದು ಬಿದ್ದು ನಗುವ ಸ್ಟಿಕ್ಕರ್ ಹಾಕಿದ್ದಿಯಲ್ಲ, ಹೋದ ತಿಂಗಳು ಮದುವೆ ಕಾಗದ ಅಂತ ಇಂಥದ್ದೇ ಫೈಲನ್ನು ಇದೇ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದು ಯಾರು? ಯಾರೂ ಒತ್ತಲಿಲ್ಲ, ಬಚಾವ್.

ಅತ್ತಿಗೆ, ಇನ್ನೊಂದು, ನಿಮ್ಮ ಫೋನಲ್ಲಿ ಎಲ್ಲರ ಆಧಾರ್, ಪ್ಯಾನ್ ಫೋಟೋ ಉಂಟಲ್ಲ. ಆಧಾರಿನ ಸರ್ಕಾರಿ ಆ್ಯಪಲ್ಲಿ ಬಯೋಮೆಟ್ರಿಕ್, ಅಂದ್ರೆ ಬೆರಳಚ್ಚು ಎಲ್ಲ, ಲಾಕ್ ಮಾಡುವ, ಇಲ್ಲದಿದ್ರೆ ಒಟಿಪಿ ಇಲ್ಲದೆ ಬೆರಳಚ್ಚಲ್ಲೇ ಹಣ ತೆಗೆಯುವ ದಾರಿಯೂ ಉಂಟು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಉಂಟು ಅಂತ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಕಾಣ್ತದೆ, ಸಾಲ ಎಬ್ಬಿಸಿದ್ದಾರಾ ಅಂತ ಸಾಲದ ಲೆಕ್ಕ ಇಡುವ ಸಿಬಿಲ್‌ನವರ ರಿಪೋರ್ಟಲ್ಲಿ, ವರ್ಷಕ್ಕೊಮ್ಮೆ ಫ್ರೀ. ಇದೆಲ್ಲ ಇವತ್ತೇ ಆಗ್ಬೇಕಂತಿಲ್ಲ.

ಗಾಡಿ ಬಂತು. ಸ್ಲೋ ಲೋಕಲ್, ಮುಲುಂಡಿಗೆ ಮುಕ್ಕಾಲು ಗಂಟೆ ಅಂತ ಇಟ್ಕೊಳ್ಳಿ. ಆ ಫೋನ್ ಆನ್ ಮಾಡ್ಬೇಡಿ, ನಾನು ಬಂದು ಪೂರ್ತಿ ರೀಸೆಟ್ ಹೊಡೀತೇನೆ, ಮೊಮ್ಮಗುವಿನ ಫೋಟೋ ಹೋಗದ ಹಾಗೆ ನೋಡುವ. ಅಣ್ಣ ಸಿಟ್ಟು ಮಾಡಿದ್ರೆ ಗ್ರೈಂಡರ್ ಕಥೆ ಹೇಳಿಬಿಡಿ, ಆಮೇಲೆ ಬೈಗುಳ ಎಲ್ಲ ನನಗೇ ಬರ್ತದೆ.